ಕುಂಬಾರ್ಜುವಾ ಕಾಲುವೆಗೆ ಬೋಟ್ ಇಳಿಸುವಾಗ ಜೊತೆಗೆ ಏನೇನು ಇರಬೇಕು?

ಪ್ರಶ್ನೆ: ನಾವು ಗದಗ ಕಡೆಯವರು. ಗೋವಾದ ವಾಸ್ಕೋದಲ್ಲಿ ನೆಲೆಸಿದ್ದೇವೆ. ನಾನು ಮತ್ತು ನನ್ನ ಭಾವ ಸೇರಿ 26 ಅಡಿಯ ಹಳೆಯ ಫೈಬರ್ ಬೋಟ್ ಕೊಂಡಿದ್ದೇವೆ. ಒಳಗೆ ಎರಡು ಸಿಲಿಂಡರ್ ಡೀಸೆಲ್ ಎಂಜಿನ್ ಇದೆ. ಕುಂಬಾರ್ಜುವಾ ಕಾಲುವೆಯಲ್ಲಿ ಹಕ್ಕಿ, ಮೊಸಳೆ ನೋಡಲು ಬರುವವರನ್ನು ಕರೆದುಕೊಂಡು ಹೋಗುವ ಯೋಚನೆ. ಇಂಗ್ಲೆಂಡಿನ ಕಾಲುವೆ ಬೋಟ್‌ಗಳಿಗೆ ಬೇಕಾದ ಸಾಮಾನಿನ ಪಟ್ಟಿಯೊಂದು ಸಿಕ್ಕಿತು. ತುಂಬಾ ಉದ್ದ ಇದೆ. ಎಲ್ಲಾ ಬೇಕಾ ಸರ್? ಭಾವ ಮಾತ್ರ, ಪೋಂಡಾ ಹತ್ತಿರ ಇದೆ, ಕೆಟ್ಟರೆ ಮೆಕ್ಯಾನಿಕ್‌ಗೆ ಫೋನ್ ಮಾಡಿದರಾಯಿತು ಅಂತಾರೆ. ಯಾವುದು ಬೋಟಿನಲ್ಲೇ ಇರಬೇಕು, ಯಾವುದು ಮನೆಯಲ್ಲಿದ್ದರೂ ನಡೆಯುತ್ತೆ?

ಉತ್ತರ: ಮೊದಲು ಭಾವನವರ ಮಾತಿಗೆ ಬರುತ್ತೇನೆ. ಪೋಂಡಾ ಹತ್ತಿರ, ನಿಜ. ಆದರೆ ರಸ್ತೆಗೆ ಹತ್ತಿರ. ನಿಮ್ಮ ಬೋಟ್ ಕೆಟ್ಟು ನಿಲ್ಲುವುದು ರಸ್ತೆ ಪಕ್ಕದಲ್ಲಲ್ಲ. ಕಾಲುವೆಯ ಹೆಚ್ಚಿನ ಕಡೆ ದಡದಲ್ಲಿ ಕಾಂಡ್ಲಾ ಕಾಡು, ಅದರ ಬುಡದಲ್ಲಿ ಮೊಣಕಾಲುವರೆಗೆ ಕೆಸರು, ಹಿಂದೆ ಒಡ್ಡು ಕಟ್ಟಿ ಉಪ್ಪು ನೀರು ತಡೆದ ಖಜಾನ್ ಗದ್ದೆ. ಮೆಕ್ಯಾನಿಕ್ ಬಂದರೂ ಗದ್ದೆಯ ಬದುವಿನ ಮೇಲೆ ನಿಂತು ಕೈ ಬೀಸಬೇಕಷ್ಟೆ. ನಿಮ್ಮ ಹತ್ತಿರ ಬರಲು ಇನ್ನೊಂದು ಬೋಟೇ ಬೇಕು. ಅದು ಸಿಗುವ ಹೊತ್ತಿಗೆ ಇಳಿತ ಶುರುವಾಗಿದ್ದರೆ ಕಥೆ ಮುಗೀತು.

ಹಾಗಂತ ಆ ಇಂಗ್ಲೆಂಡಿನ ಪಟ್ಟಿಯನ್ನೂ ಪೂರ್ತಿ ನಂಬಬೇಡಿ. ಅವರ ಕಾಲುವೆಯೇ ಬೇರೆ. ಅಲ್ಲಿ ನೀರು ನಿಂತಿರುತ್ತದೆ, ಆಳ ಕಡಿಮೆ, ಪಕ್ಕದಲ್ಲೇ ನಡೆದಾಡುವ ದಾರಿ. ಎಂಜಿನ್ ಕೆಟ್ಟರೆ ಬೋಟ್ ಇದ್ದಲ್ಲೇ ಇರುತ್ತದೆ. ಒಂದು ಹಗ್ಗ ಹಿಡಿದು ದಡಕ್ಕೆ ಹಾರಿದರಾಯಿತು. ಪಟ್ಟಿಯಲ್ಲಿರುವ ವಿಂಡ್‌ಲಾಸ್ ಅಂದರೆ ಬೋಟನ್ನು ಏರಿಸಿ ಇಳಿಸುವ ಅವರ ಲಾಕ್ ಗೇಟುಗಳ ನೀರು ಬಿಡಲು ತಿರುಗಿಸುವ ಹ್ಯಾಂಡಲ್. ನಮ್ಮಲ್ಲಿ ಲಾಕೇ ಇಲ್ಲ, ಅದು ಬೇಡ. ದಡಕ್ಕೆ ಬಡಿಯುವ ಕಬ್ಬಿಣದ ಗೂಟಗಳೂ ಬೇಡ. ಈ ಕೆಸರಿನಲ್ಲಿ ಗೂಟ ನಿಲ್ಲುವುದಿಲ್ಲ.

ಕುಂಬಾರ್ಜುವಾ ಮಾಂಡವಿ ನದಿಯನ್ನೂ ಜುವಾರಿ ನದಿಯನ್ನೂ ಕೂಡಿಸುತ್ತದೆ. ಎರಡೂ ಕಡೆಯಿಂದ ಸಮುದ್ರದ ಉಬ್ಬರ ಒಳಗೆ ಬರುತ್ತದೆ, ದಿನಕ್ಕೆ ಎರಡು ಸಲ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಬಂದಾಗ ನೀರಿನ ಮಟ್ಟ ಸುಮಾರು 2 ಮೀಟರ್ ಏರಿಳಿಯುತ್ತದೆ. ಅಂದರೆ ಎಂಜಿನ್ ನಿಂತ ಕ್ಷಣದಿಂದ ನೀರು ನಿಮ್ಮನ್ನು ಎಲ್ಲಿಗೋ ಕರೆದುಕೊಂಡು ಹೋಗುತ್ತಿರುತ್ತದೆ. ಬಾನಸ್ತರಿ ಸೇತುವೆಯ ಕಂಬಕ್ಕೋ, ಕಾಂಡ್ಲಾ ಬೇರಿನೊಳಕ್ಕೋ, ಬಾರ್ಜ್ (ಅದಿರು ಸಾಗಿಸುವ ದೊಡ್ಡ ದೋಣಿ) ಬರುವ ದಾರಿಗೋ. ಆದ್ದರಿಂದ ಬಿಡಿಭಾಗದ ಡಬ್ಬಿ ತೆರೆಯುವ ಮೊದಲು ಬೋಟನ್ನು ನಿಲ್ಲಿಸಬೇಕು. ನಿಮ್ಮ ಪಟ್ಟಿಯಲ್ಲಿ ಮೊದಲ ಸಾಮಾನು ಲಂಗರು.

26 ಅಡಿ ಬೋಟಿಗೆ 8ರಿಂದ 10 ಕೆಜಿಯ ಲಂಗರು ಸಾಕು. ಮೀನುಗಾರರು ಬಳಸುವ ನಾಲ್ಕು ಕೊಕ್ಕೆಯ ಲಂಗರು ಕಲ್ಲಿಗೆ ಚೆನ್ನಾಗಿ ಕಚ್ಚುತ್ತದೆ, ಮೆತ್ತನೆ ಕೆಸರಿನಲ್ಲಿ ಜಾರುತ್ತದೆ. ಇಲ್ಲಿಗೆ ಅಗಲ ರೆಕ್ಕೆಯ ಡ್ಯಾನ್‌ಫೋರ್ತ್ ಮಾದರಿ ವಾಸಿ. ಅದಕ್ಕೆ 5 ಮೀಟರ್ ಸರಪಳಿ, ಆಮೇಲೆ 40 ಮೀಟರ್ ನೈಲಾನ್ ಹಗ್ಗ. ಸರಪಳಿ ಇಲ್ಲದಿದ್ದರೆ ಲಂಗರಿನ ಹಿಡಿ ಮೇಲಕ್ಕೆ ಎದ್ದು ಕೆಸರಿನಿಂದ ಕಿತ್ತು ಬರುತ್ತದೆ. ನೀರಿನ ಆಳದ 5ರಿಂದ 7 ಪಟ್ಟು ಹಗ್ಗ ಬಿಡಬೇಕು. ಆಳ ಅಂದರೆ ಈಗಿನ ಆಳವಲ್ಲ, ಉಬ್ಬರ ಪೂರ್ತಿ ಬಂದಾಗಿನ ಆಳ. ಹಗ್ಗದ ಕೊನೆ ಬೋಟಿಗೆ ಕಟ್ಟಿದೆಯಾ ಅಂತ ಇವತ್ತೇ ನೋಡಿ. ಕಟ್ಟದ ಹಗ್ಗ ಲಂಗರಿನ ಜೊತೆಗೇ ಹೋಗಿಬಿಡುತ್ತದೆ. ತುಂಬಾ ಜನ ಲಂಗರನ್ನು ಮೂತಿಯ ಕೆಳಗಿನ ಗೂಡಿನಲ್ಲಿಟ್ಟು, ಅದರ ಮೇಲೆ ಲೈಫ್ ಜಾಕೆಟ್, ಅದರ ಮೇಲೆ ನೀರಿನ ಕ್ಯಾನ್ ಪೇರಿಸುತ್ತಾರೆ. ಅದು ಇದ್ದರೂ ಒಂದೇ, ಬಿಟ್ಟರೂ ಒಂದೇ. ಕೈ ಚಾಚಿದರೆ ಸಿಗಬೇಕು, ಹಾಕಿದರೆ ಹಗ್ಗ ಗಂಟಾಗದೆ ಓಡಬೇಕು. ಜೊತೆಗೆ ಒಂದು ಉದ್ದ ಬಿದಿರು ಗಳ, ಒಂದು ಜೊತೆ ಹುಟ್ಟು ಇರಲಿ. ದಡದಿಂದ ದೂಡಿಕೊಳ್ಳಲು ಗಳದಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ.

ಈಗ ಬಿಡಿಭಾಗ. ಯಾವುದು ಬೋಟಿನಲ್ಲಿರಬೇಕು ಅನ್ನೋದಕ್ಕೆ ನನ್ನ ಲೆಕ್ಕ ಸುಲಭ. ಅದು ಹೋದರೆ ಬೋಟ್ ನಿಲ್ಲಬೇಕು. ಲಂಗರು ಹಾಕಿ ಕೂತು, ನಮ್ಮ ಕೈಯಿಂದಲೇ ಅರ್ಧ ಮುಕ್ಕಾಲು ಗಂಟೆಯಲ್ಲಿ ಅದನ್ನು ಬದಲಾಯಿಸಲು ಆಗಬೇಕು. ಇವೆರಡೂ ಇದ್ದರೆ ಬೋಟಿಗೆ, ಇಲ್ಲದಿದ್ದರೆ ಮನೆಗೆ.

ಈ ಲೆಕ್ಕದಲ್ಲಿ ಮೊದಲು ನಿಲ್ಲುವುದು ನೀರಿನ ಪಂಪಿನ ಇಂಪೆಲ್ಲರ್. ಬೋಟ್ ಎಂಜಿನ್ ತಣ್ಣಗಾಗುವುದು ಹೊರಗಿನ ನೀರಿನಿಂದ. ತಳದ ತೂತಿನಿಂದ ಸೀಕಾಕ್ (ಆ ತೂತನ್ನು ಮುಚ್ಚಿ ತೆರೆಯುವ ವಾಲ್ವ್) ದಾಟಿ, ಸ್ಟ್ರೈನರ್‌ನಲ್ಲಿ ಸೋಸಿ, ಪಂಪ್ ಆ ನೀರನ್ನು ಎಳೆದು ತಳ್ಳುತ್ತದೆ. ಆ ಪಂಪಿನ ಒಳಗೆ ರಬ್ಬರಿನ ಒಂದು ಪುಟ್ಟ ಚಕ್ರ, ಅದಕ್ಕೆ ಬಾಗುವ ಎಸಳುಗಳು. ಅದೇ ಇಂಪೆಲ್ಲರ್. ಅದಕ್ಕೆ ನೀರೇ ಎಣ್ಣೆ. ನೀರು ನಿಂತರೆ ಒಂದೆರಡು ನಿಮಿಷದಲ್ಲೇ ಎಸಳು ಸುಟ್ಟು ಕಿತ್ತು ಹೋಗುತ್ತವೆ. ನಮ್ಮ ಕಾಲುವೆಯಲ್ಲಿ ನೀರು ನಿಲ್ಲಲು ಕಾರಣ ಹುಡುಕಬೇಕಾಗಿಲ್ಲ. ಕಾಂಡ್ಲಾ ಎಲೆ, ಪ್ಲಾಸ್ಟಿಕ್ ಚೀಲ, ಇಳಿತದಲ್ಲಿ ತಳ ತಾಗಿದರೆ ಕೆಸರು. ಹೊರಗಿನ ತೂತಿಗೆ ಒಂದು ಗುಟ್ಕಾ ಚೀಟಿ ಅಂಟಿದರೂ ಸಾಕು.

ಗೊತ್ತಾಗುವುದು ಹೇಗೆ? ಮೀಟರ್ ನೋಡಿ ಕೂರಬೇಡಿ, ಹೊಗೆ ಕೊಳವೆ ನೋಡಿ. ಎಂಜಿನ್ ಶುರು ಮಾಡಿದ ಕೂಡಲೇ ಹೊಗೆಯ ಜೊತೆ ನೀರು ಬುಳಕ್ ಬುಳಕ್ ಅಂತ ಉಗುಳಬೇಕು. ಆ ಸದ್ದು ಒಣಗಿ ಬರೀ ಗಡಗಡ ಆದರೆ, ಬಿಳಿ ಹಬೆ ಬಂದರೆ, ತಕ್ಷಣ ಆಫ್ ಮಾಡಿ. ಮೀಟರ್ ಮುಳ್ಳು ಏರುವುದು ಅದರ ಎಷ್ಟೋ ಹೊತ್ತಿನ ಮೇಲೆ.

ಬದಲಾಯಿಸುವ ಕ್ರಮ ಹೇಳಿಬಿಡುತ್ತೇನೆ, ಯಾಕೆಂದರೆ ತಪ್ಪು ಆಗೋದು ಇಲ್ಲೇ. ಮೊದಲು ಸೀಕಾಕ್ ಮುಚ್ಚಿ. ಇಲ್ಲದಿದ್ದರೆ ಪಂಪಿನ ಮುಚ್ಚಳ ಬಿಚ್ಚಿದ ಕೂಡಲೇ ನದಿ ಒಳಗೆ ಬರುತ್ತದೆ. ಮುಚ್ಚುವಾಗ ಎಂಜಿನ್ ಕೀಲಿಯನ್ನು ತೆಗೆದು ಸೀಕಾಕಿನ ಹಿಡಿಗೇ ನೇತುಹಾಕಿ. ಆಮೇಲೆ ಎಂಜಿನ್ ಶುರು ಮಾಡಲು ಕೀಲಿ ಬೇಕು, ಕೀಲಿ ಬೇಕೆಂದರೆ ಸೀಕಾಕ್ ಹತ್ತಿರ ಹೋಗಲೇಬೇಕು, ಹೋದಾಗ ತೆರೆಯುವುದು ನೆನಪಾಗುತ್ತದೆ. ಹೊಸ ಇಂಪೆಲ್ಲರ್ ಹಾಕಿ ಸೀಕಾಕ್ ಮುಚ್ಚೇ ಬಿಟ್ಟು ಎಂಜಿನ್ ಓಡಿಸಿ, ಅದನ್ನೂ ಸುಟ್ಟವರು ಬೇಕಾದಷ್ಟು ಜನ ಇದ್ದಾರೆ. ಮುಚ್ಚಳದ ಸ್ಕ್ರೂಗಳು ಸಣ್ಣವು. ಕೆಳಗೆ ಬಟ್ಟೆ ಹಾಸಿ ಬಿಚ್ಚಿ. ಹಳೆಯದನ್ನು ಎಳೆದು ತೆಗೆದು ಎಸಳು ಎಣಿಸಿ. ಒಂದು ಕಡಿಮೆ ಇದ್ದರೆ ಆ ತುಂಡು ಮುಂದೆ, ಹೊರಗಿನ ನೀರು ಎಂಜಿನ್ ಒಳಗಿನ ಕೂಲಂಟನ್ನು ತಣ್ಣಗೆ ಮಾಡುವ ಹೀಟ್ ಎಕ್ಸ್‌ಚೇಂಜರ್ ಬಾಯಲ್ಲಿ ಸಿಕ್ಕಿಕೊಂಡಿರುತ್ತದೆ. ಅದನ್ನು ಹುಡುಕಿ ತೆಗೆಯದಿದ್ದರೆ ಹೊಸದು ಹಾಕಿಯೂ ಎಂಜಿನ್ ಬಿಸಿಯಾಗುತ್ತಲೇ ಇರುತ್ತದೆ. ಹೊಸದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಅಥವಾ ಗ್ಲಿಸರಿನ್ ಸವರಿ. ಗ್ರೀಸ್ ಬೇಡ, ಅದು ರಬ್ಬರ್ ಕೆಡಿಸುತ್ತದೆ. ತಿರುಗುವ ದಿಕ್ಕಿಗೆ ತಿರುಗಿಸುತ್ತಾ ಒಳಗೆ ತಳ್ಳಿ, ಎಸಳು ತಾವೇ ಬಾಗುತ್ತವೆ. ಮುಚ್ಚಳಕ್ಕೆ ಹೊಸ ಪೇಪರ್ ಗ್ಯಾಸ್ಕೆಟ್.

ಹಾಗಾಗಿ ಡಬ್ಬಿಯಲ್ಲಿ ಎರಡು ಇಂಪೆಲ್ಲರ್, ಎರಡು ಗ್ಯಾಸ್ಕೆಟ್, ನಾಲ್ಕೈದು ಮುಚ್ಚಳದ ಸ್ಕ್ರೂ, ಆ ಸ್ಕ್ರೂಗೆ ಸರಿಹೋಗುವ ಸ್ಕ್ರೂಡ್ರೈವರ್ ಇರಲಿ. ಇದು ಟ್ರ್ಯಾಕ್ಟರ್ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ ಅನ್ನೋದು ನೆನಪಿರಲಿ. ಹಳೆಯ ಬೋಟ್‌ಗಳಲ್ಲಿ ಎಷ್ಟೋ ಸಲ ಟ್ರ್ಯಾಕ್ಟರ್ ಅಥವಾ ಜನರೇಟರ್ ಎಂಜಿನ್ನನ್ನೇ ಬೋಟಿಗೆ ಹೊಂದಿಸಿರುತ್ತಾರೆ. ಆಗ ಬೆಲ್ಟ್, ಫಿಲ್ಟರ್ ಎಲ್ಲಾ ಕಡೆ ಸಿಗುತ್ತವೆ, ನೀರಿನ ಪಂಪಿನದು ಮಾತ್ರ ಸಿಗುವುದಿಲ್ಲ. ಪಂಪಿನ ಮೇಲಿನ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ.

ಬೆಲ್ಟ್ ಬಗ್ಗೆ ಎರಡೇ ಮಾತು. ಅನೇಕ ಎಂಜಿನ್‌ಗಳಲ್ಲಿ ಒಂದೇ ಬೆಲ್ಟ್ ಆಲ್ಟರ್ನೇಟರನ್ನೂ ಒಳಗಿನ ಕೂಲಂಟ್ ಪಂಪನ್ನೂ ತಿರುಗಿಸುತ್ತದೆ. ಅದು ಹರಿದರೆ ಚಾರ್ಜೂ ಇಲ್ಲ, ತಂಪೂ ಇಲ್ಲ. ಈಗಲೇ ಹೊಸದು ಹಾಕಿ, ಚೆನ್ನಾಗಿರುವ ಹಳೆಯದನ್ನು ಬೋಟಿನಲ್ಲಿ ಇಟ್ಟುಕೊಳ್ಳಿ. ಅದು ಈ ಎಂಜಿನ್ನಿಗೆ ಸರಿಹೋಗುತ್ತದೆ ಅಂತ ಆಗಲೇ ಗೊತ್ತಿರುತ್ತದಲ್ಲ.

ಡೀಸೆಲ್ ವಿಷಯಕ್ಕೆ ಬಂದರೆ, ನೀವು ಕೊಂಡಿದ್ದು ಹಳೆಯ ಬೋಟ್. ಟ್ಯಾಂಕಿನ ತಳದಲ್ಲಿ ನೀರು, ಕಪ್ಪು ಕಿಟ್ಟ ಇದ್ದೇ ಇರುತ್ತೆ ಅಂದುಕೊಳ್ಳಿ. ಗೋವಾದ ಮಳೆಗಾಲದ ತೇವಕ್ಕೆ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ನೀರು ಕಟ್ಟಿ ಕೆಳಗೆ ಇಳಿಯುತ್ತದೆ. ನೀರು, ಡೀಸೆಲ್ ಸೇರುವ ಜಾಗದಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಬೆಳೆದು ಲೋಳೆ ಆಗುತ್ತದೆ. ಶಾಂತ ನೀರಿನಲ್ಲಿ ಅದು ತಳದಲ್ಲೇ ಮಲಗಿರುತ್ತದೆ. ಜುವಾರಿಯ ಅಗಲ ಬಾಯಿಗೆ ಬಂದು ಗಾಳಿಗೆ ಬೋಟ್ ಕುಲುಕಾಡಿದಾಗ ಮೇಲೆದ್ದು ಫಿಲ್ಟರ್ ಕಟ್ಟುತ್ತದೆ. ಅಂದರೆ ಎಂಜಿನ್ ಬೇಕೇ ಬೇಕು ಅನ್ನುವ ಜಾಗದಲ್ಲೇ ಅದು ನಿಲ್ಲುತ್ತದೆ. ನೀರು ಬೇರ್ಪಡಿಸುವ ಫಿಲ್ಟರ್ ಎರಡು, ಎಂಜಿನ್ ಮೇಲಿನ ಫಿಲ್ಟರ್ ಎರಡು, ಅವುಗಳ ರಬ್ಬರ್ ರಿಂಗ್, ತಾಮ್ರದ ವಾಷರ್‌ಗಳು ಡಬ್ಬಿಯಲ್ಲಿರಲಿ. ಕೆಳಗೆ ಇಡಲು ಒಂದು ಅಗಲ ಬಾಯಿಯ ಡಬ್ಬ. ಕ್ಯಾನಿನಿಂದ ತುಂಬುವಾಗ ಜಾಲರಿ ಇರುವ ಫನಲ್ ಬೇಕು.

ಫಿಲ್ಟರ್ ಬದಲಾಯಿಸಿದ ಮೇಲೆ ಡೀಸೆಲ್ ಪೈಪಿನೊಳಗೆ ಸೇರಿದ ಏರ್ ತೆಗೆಯಬೇಕು. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪಿನ ಸಣ್ಣ ಹಿಡಿಯನ್ನು ಒತ್ತುತ್ತಾ, ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿದರೆ ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ ಇಲ್ಲದ ಡೀಸೆಲ್. ಆಗ ಬಿಗಿ ಮಾಡಿ. ಇದನ್ನು ಜೆಟ್ಟಿಯಲ್ಲೇ ಒಂದು ಸಲ ಭಾವನವರ ಕೈಯಲ್ಲಿ ಮಾಡಿಸಿ, ನೀವು ಸುಮ್ನೆ ನೋಡಿ. ಆಮೇಲೆ ನೀವು ಮಾಡಿ. ಯಾವ ಸ್ಪ್ಯಾನರ್ ಬೇಕು, ಎಲ್ಲಿ ಕೈ ಹೋಗುವುದಿಲ್ಲ ಅಂತ ಆಗಲೇ ಗೊತ್ತಾಗುವುದು. ಎಲ್ಲಾ ಬಿಡಿಭಾಗಕ್ಕೂ ಇದೇ ಮಾತು. ಒಂದು ಸಲವೂ ಹಾಕಿ ನೋಡದ ಬಿಡಿಭಾಗವನ್ನು ನಾನು ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಇನ್ನು ಫ್ಯಾನ್, ಅಂದರೆ ಪ್ರೊಪೆಲ್ಲರ್. ಹರಿದ ಬಲೆ, ಗೊಬ್ಬರದ ಚೀಲ, ನೈಲಾನ್ ಹಗ್ಗ ಇದಕ್ಕೆ ಸುತ್ತಿಕೊಳ್ಳುವುದು ನಮ್ಮಲ್ಲಿ ಮಾಮೂಲಿ. ಇಂಗ್ಲೆಂಡಿನವರ ಬೋಟಿನಲ್ಲಿ ಇದಕ್ಕೆ ಒಂದು ಒಳ್ಳೆ ಏರ್ಪಾಡು ಇದೆ. ಫ್ಯಾನಿನ ನೇರ ಮೇಲೆ ಬೋಟಿನ ಒಳಗಿನಿಂದಲೇ ತೆರೆಯುವ ಒಂದು ಮುಚ್ಚಳ, ವೀಡ್ ಹ್ಯಾಚ್ ಅಂತಾರೆ. ಕೈ ಇಳಿಸಿ ಕಸ ತೆಗೆಯಬಹುದು. ಮುಚ್ಚಳ ಸರಿಯಾಗಿ ಬಿಗಿ ಮಾಡದೆ ಬೋಟ್ ಮುಳುಗಿಸಿಕೊಂಡವರೂ ಅಲ್ಲಿದ್ದಾರೆ, ಅದು ಬೇರೆ ಮಾತು. ನಿಮ್ಮ ಫೈಬರ್ ಬೋಟಿನಲ್ಲಿ ಅದು ಇರುವುದಿಲ್ಲ. ಬೇರೆ ನದಿಯಾದರೆ ಎಂಜಿನ್ ಆಫ್ ಮಾಡಿ ಒಬ್ಬರು ಚಾಕು ಹಿಡಿದು ಇಳಿಯುತ್ತಾರೆ. ನೀವು ಜನರಿಗೆ ದುಡ್ಡು ತಗೊಂಡು ಮೊಸಳೆ ತೋರಿಸಲು ಹೋಗುತ್ತಿರುವುದು! ಆ ಕಾಲುವೆಯಲ್ಲಿ ನೀರಿಗೆ ಇಳಿಯುವ ಮಾತೇ ಬೇಡ, ಇಳಿತದಲ್ಲಿ ಕೆಸರಿಗೂ ಇಳಿಯಬೇಡಿ. ಅವು ಬಿಸಿಲು ಕಾಯುವುದು ಆ ಕೆಸರಿನ ಮೇಲೇ.

ಅದಕ್ಕೆ ಹೀಗೆ ಮಾಡಿ. ಹಲ್ಲಿರುವ ಬ್ರೆಡ್ ಚಾಕು ಒಂದನ್ನು ಗಟ್ಟಿ ಕೋಲಿಗೆ ಎರಡು ಹೋಸ್ ಕ್ಲಿಪ್ ಹಾಕಿ ಬಿಗಿದು ಇಟ್ಟುಕೊಳ್ಳಿ. ಜೊತೆಗೆ ಕೊಕ್ಕೆ ಕೋಲು. ಲಂಗರು ಹಾಕಿ, ಎಂಜಿನ್ ಆಫ್ ಮಾಡಿ ಕೀಲಿ ಜೇಬಿಗೆ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಜನರನ್ನು ಮುಂದೆ ಕೂರಿಸಿ. ಹಿಂದಿನ ಭಾಗ ಸ್ವಲ್ಪ ಮೇಲೇಳುತ್ತದೆ. ಹಗ್ಗದ ತುದಿ ಸಿಕ್ಕರೆ ಕೊಕ್ಕೆಯಿಂದ ಎಳೆಯುತ್ತಾ, ಇನ್ನೊಬ್ಬರು ಒಳಗಿನಿಂದ ಶಾಫ್ಟನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿದರೆ ಎಷ್ಟೋ ಸಲ ತಾನೇ ಬಿಚ್ಚಿಕೊಳ್ಳುತ್ತದೆ. ಆಗದಿದ್ದರೆ ಹಠ ಬೇಡ, ಎಳೆಸಿಕೊಂಡು ಹೋಗಿ. ಅದಕ್ಕೆ 15 ಮೀಟರಿನ ಒಂದು ದಪ್ಪ ಹಗ್ಗ ಬೇರೆಯಾಗಿ ಇರಲಿ.

ನೀರು ಒಳಗೆ ಬರುವುದರ ಬಗ್ಗೆ. ಶಾಫ್ಟ್ ಹೊರಗೆ ಹೋಗುವ ಜಾಗದ ನೀರು ತಡೆಯುವ ಗ್ಲ್ಯಾಂಡಿನಿಂದ, ಬೋಟ್ ಓಡುವಾಗ ನಿಮಿಷಕ್ಕೆ ಒಂದೆರಡು ಹನಿ ತೊಟ್ಟಿಕ್ಕಿದರೆ ಗಾಬರಿ ಬೇಡ, ಹಳೆಯ ಮಾದರಿ ಗ್ಲ್ಯಾಂಡ್ ಹಾಗೇ ಇರಬೇಕು. ಧಾರೆ ಆದರೆ ನಟ್ ಸ್ವಲ್ಪ ಬಿಗಿ ಮಾಡಬೇಕು. ಅದಕ್ಕೆ ದೊಡ್ಡ ಸ್ಪ್ಯಾನರ್ ಬೇಕು, ಸಾಮಾನ್ಯ ಸೆಟ್ಟಿನಲ್ಲಿ ಆ ಅಳತೆ ಇರುವುದಿಲ್ಲ. ತಳದಲ್ಲಿ ಸೇರಿದ ನೀರು ಹೊರಹಾಕುವ ಬಿಲ್ಜ್ ಪಂಪ್ ಬ್ಯಾಟರಿಯದು ಒಂದು, ಕೈಯದು ಒಂದು. ಬ್ಯಾಟರಿಯೇ ಮುಳುಗಿದಾಗ ಕೈಪಂಪ್ ಮತ್ತು ಬಕೆಟ್ಟೇ ಗತಿ. ಪ್ರತಿ ಸೀಕಾಕಿನ ಪಕ್ಕದಲ್ಲಿ ಅದರ ತೂತಿಗೆ ಸರಿಯಾದ ಮೆತ್ತನೆ ಮರದ ಗೂಟವನ್ನು ದಾರದಲ್ಲಿ ಕಟ್ಟಿ ನೇತುಹಾಕಿ. ಹೋಸ್ ಕಿತ್ತು ಬಂದಾಗ ಅದನ್ನು ಬಡಿದು ಕೂರಿಸಿದರೆ ಮರ ಉಬ್ಬಿ ಹಿಡಿದುಕೊಳ್ಳುತ್ತದೆ. ಸ್ಟೇನ್‌ಲೆಸ್ ಹೋಸ್ ಕ್ಲಿಪ್ ನಾಲ್ಕೈದು ಅಳತೆಯವು, ಒಂದು ಪ್ಯಾಕೆಟ್ ಎಂ-ಸೀಲ್, ಸೈಕಲ್ ಟ್ಯೂಬಿನ ಉದ್ದನೆ ಪಟ್ಟಿ. ಒಡೆದ ಹೋಸಿಗೆ ಟ್ಯೂಬ್ ಪಟ್ಟಿಯನ್ನು ಎಳೆದು ಎಳೆದು ಸುತ್ತಿ ಮೇಲೆ ಎರಡು ಕ್ಲಿಪ್ ಬಿಗಿದರೆ ಜೆಟ್ಟಿವರೆಗೆ ಧೈರ್ಯವಾಗಿ ಬರಬಹುದು. ಬೋಟಿನ ತಳದ ಡ್ರೇನ್ ಪ್ಲಗ್ ಇನ್ನೊಂದು ಕೊಂಡಿಡಿ. ಸಣ್ಣ ಸಾಮಾನು, ಕಳೆದುಹೋಗುವುದು ಬಲು ಬೇಗ.

ಕರೆಂಟಿನ ಸಾಮಾನು ಜಾಸ್ತಿ ಬೇಡ. ಎಂಜಿನ್ ಶುರು ಮಾಡುವ ಬ್ಯಾಟರಿಯನ್ನು ಲೈಟು, ಮೊಬೈಲ್ ಚಾರ್ಜಿಗೆ ಬಳಸಬೇಡಿ, ಅದಕ್ಕೆ ಇನ್ನೊಂದು ಇರಲಿ. ಫ್ಯೂಸು, ನ್ಯಾವಿಗೇಶನ್ ಲೈಟಿನ ಬಲ್ಬು, ಇನ್ಸುಲೇಶನ್ ಟೇಪು, ಒಂದು ಅಗ್ಗದ ಮಲ್ಟಿಮೀಟರ್ ಸಾಕು. ಉಪ್ಪು ಗಾಳಿಗೆ ಟರ್ಮಿನಲ್ ಹಸಿರುಗಟ್ಟುತ್ತದೆ. ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಹಚ್ಚಿ.

ಜನರನ್ನು ಕೂರಿಸಿಕೊಳ್ಳುವ ಬೋಟ್ ಅಂದ ಮೇಲೆ ಕೆಲವು ವಿಷಯದಲ್ಲಿ ಚೌಕಾಸಿ ಇಲ್ಲ. ತಲೆಗೊಂದು ಲೈಫ್ ಜಾಕೆಟ್, ಮಕ್ಕಳಿಗೆ ಮಕ್ಕಳ ಅಳತೆಯದು. ದೊಡ್ಡವರ ಜಾಕೆಟ್ಟಿನಿಂದ ಮಗು ಕೆಳಗೆ ಜಾರಿಬಿಡುತ್ತದೆ. ಜಾಕೆಟ್ ಮೈಮೇಲೆ ಇರಬೇಕು, ಸೀಟಿನ ಕೆಳಗೆ ಅಲ್ಲ. ತೇಲುವ ಹಗ್ಗ ಕಟ್ಟಿದ ಒಂದು ಲೈಫ್ ಬಾಯ್, ಅಂದರೆ ನೀರಿಗೆ ಎಸೆಯುವ ತೇಲು ಬಳೆ. ಪೌಡರ್ ಅಗ್ನಿಶಾಮಕ ಎರಡು. ಒಂದನ್ನೂ ಎಂಜಿನ್ ಪಕ್ಕದಲ್ಲಿ ಇಡಬೇಡಿ, ಬೆಂಕಿ ಬಿದ್ದಾಗ ಕೈ ಹೋಗುವುದಿಲ್ಲ. ಒಂದು ಚುಕ್ಕಾಣಿಯ ಹತ್ತಿರ, ಒಂದು ಮುಂದೆ. ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ಅಲ್ಲಾಡಿಸಿ, ಬೋಟಿನ ನಡುಕಕ್ಕೆ ಪೌಡರ್ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ.

ಜೋರಾದ ಹಾರ್ನ್ ಬೇಕೇ ಬೇಕು. ಮಳೆಗಾಲದಲ್ಲಿ ಮಾಂಡವಿಯ ಬಾಯಲ್ಲಿ ಮರಳು ದಿಬ್ಬದ ಮೇಲೆ ಅಲೆ ಒಡೆಯುವುದರಿಂದ ಅದಿರು ಬಾರ್ಜ್‌ಗಳು ಈ ಕಾಲುವೆ ಹಿಡಿದೇ ಜುವಾರಿಗೆ, ಅಲ್ಲಿಂದ ಮುರ್ಮುಗೋವಾ ಬಂದರಿಗೆ ಹೋಗುವ ರೂಢಿ ಇದೆ. ತಿರುವಿನಲ್ಲಿ ಬಾರ್ಜ್ ಎದುರಾದರೆ ಅದು ನಿಮಗಾಗಿ ನಿಲ್ಲಲಾರದು, ಪಕ್ಕಕ್ಕೂ ಹೋಗಲಾರದು. ಟಾರ್ಚ್ ಎರಡು, ಕೈಯಲ್ಲಿ ಹಿಡಿದು ಉರಿಸುವ ಕೆಂಪು ಸಂಕೇತ ಬೆಳಕು, ಹ್ಯಾಂಡ್ ಫ್ಲೇರ್, ಒಂದೆರಡು. ನೀರು ಹೋಗದ ಚೀಲದಲ್ಲಿ ಮೊಬೈಲ್, ಪವರ್ ಬ್ಯಾಂಕ್. 112 ಎಲ್ಲರಿಗೂ ಗೊತ್ತು. ಕೋಸ್ಟ್ ಗಾರ್ಡ್ ನಂಬರ್ 1554, ಅದನ್ನೂ ಚುಕ್ಕಾಣಿ ಹತ್ತಿರ ದೊಡ್ಡದಾಗಿ ಬರೆದು ಅಂಟಿಸಿ. ಅದಕ್ಕಿಂತ ಮೊದಲು ಉಪಯೋಗಕ್ಕೆ ಬರುವುದು ಅದೇ ನೀರಿನಲ್ಲಿ ಓಡಾಡುವ ನಾಲ್ಕು ಬೋಟಿನವರ ನಂಬರ್. ಅವರ ಜೊತೆ ಒಂದು ಚಹಾ ಕುಡಿದು ಪರಿಚಯ ಮಾಡಿಕೊಳ್ಳಿ. ಬೋಟಿನ ರಿಜಿಸ್ಟ್ರೇಶನ್, ಜನರನ್ನು ಒಯ್ಯುವ ಪರವಾನಗಿ, ಎಷ್ಟು ಜನ ಅನ್ನುವ ಮಿತಿ, ಇದೆಲ್ಲಾ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯ ಕೆಲಸ. ಲೈಫ್ ಜಾಕೆಟ್ ಯಾವ ಗುಣಮಟ್ಟದ್ದು ಬೇಕು ಅಂತಲೂ ಅಲ್ಲೇ ಕೇಳಿ, ಆಮೇಲೆ ಕೊಳ್ಳಿ.

ಟೂಲ್ಸ್ ವಿಷಯದಲ್ಲಿ ದೊಡ್ಡ ಸೂಟ್‌ಕೇಸ್ ಸೆಟ್ ಕೊಳ್ಳಬೇಡಿ. ಆ ಅಗ್ಗದ ಸಾಮಾನು ಒಂದೇ ಮಳೆಗಾಲಕ್ಕೆ ತುಕ್ಕು. ನಿಮ್ಮ ಎಂಜಿನ್ನಿನ ಮೇಲೆ ಯಾವ ಅಳತೆಯ ನಟ್ ಇವೆಯೋ ಆ ಸ್ಪ್ಯಾನರ್ ಮಾತ್ರ ಒಳ್ಳೆಯದು ಕೊಳ್ಳಿ. 10, 13, 17, 19 ಬಹುಪಾಲು ಸಾಕಾಗುತ್ತದೆ, ಆದರೆ ಹಳೆಯ ಬೋಟಿನಲ್ಲಿ ಇಂಚಿನ ನಟ್ಟೂ ನಡುವೆ ಸಿಗುತ್ತದೆ, ಒಮ್ಮೆ ಹಾಕಿ ನೋಡಿ. ಫಿಲ್ಟರ್ ಬಿಚ್ಚುವ ಪಟ್ಟಿ, ವಾಟರ್ ಪಂಪ್ ಪ್ಲೈಯರ್, ಹ್ಯಾಕ್ಸಾ, ಸುತ್ತಿಗೆ, ತಲೆಗೆ ಕಟ್ಟುವ ಟಾರ್ಚ್. ದಾರ ಕಟ್ಟಿದ ಒಂದು ಅಯಸ್ಕಾಂತ ಕೂಡ. ಬಿಲ್ಜಿನ ಕಪ್ಪು ನೀರಿಗೆ ಬಿದ್ದ ಸ್ಪ್ಯಾನರ್ ಎತ್ತಲು ಅದೇ ಬೇಕು. ಸ್ಟೇನ್‌ಲೆಸ್ ಸ್ಕ್ರೂ ಮಾತ್ರ ಅದಕ್ಕೆ ಅಂಟುವುದಿಲ್ಲ, ಅದಕ್ಕೇ ಮೊದಲು ಬಟ್ಟೆ ಹಾಸಿ ಅಂದಿದ್ದು.

ಇವೆಲ್ಲವನ್ನೂ ಗಟ್ಟಿ ಮುಚ್ಚಳದ ಎರಡು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ. ಒಂದರಲ್ಲಿ ನೀರಿನದು, ಇನ್ನೊಂದರಲ್ಲಿ ಎಂಜಿನ್ನಿನದು. ಕಬ್ಬಿಣದ್ದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ. ರಬ್ಬರಿನದ್ದು ಎಂಜಿನ್ ಬಿಸಿಗೆ ದೂರ ಇರಲಿ, ಎಣ್ಣೆಗೂ ದೂರ ಇರಲಿ. ಮುಚ್ಚಳದ ಒಳಗಡೆ ಪಟ್ಟಿ ಅಂಟಿಸಿ. ಒಂದು ಸಾಮಾನು ಬಳಸಿದರೆ ಅಲ್ಲೇ ಗೀಟು ಹಾಕಿ, ಆ ವಾರವೇ ತಂದು ತುಂಬಿ.

ಎಂಜಿನ್ ಆಯಿಲ್ ಒಂದು ಪೂರ್ತಿ ತುಂಬುವಷ್ಟು, ಗೇರ್ ಬಾಕ್ಸ್ ಆಯಿಲ್ ಒಂದು ಲೀಟರ್, ಕೂಲಂಟ್, ಕುಡಿಯುವ ನೀರು ಬೋಟಿನಲ್ಲಿರಲಿ. ಡೀಸೆಲ್ ಮೂರು ಪಾಲು ಮಾಡಿ: ಹೋಗಲು ಒಂದು, ಬರಲು ಒಂದು, ಮುಟ್ಟದೆ ಇಡಲು ಒಂದು. ಉಬ್ಬರದ ಎದುರು ಬರುವಾಗ ಲೆಕ್ಕ ತಪ್ಪುತ್ತದೆ.

ಕೊನೆಗೆ ಮನೆಯಲ್ಲಿ ಇಡಬಹುದಾದ್ದು. ಸ್ಟಾರ್ಟರ್ ಮೋಟಾರ್, ಆಲ್ಟರ್ನೇಟರ್, ಇಂಜೆಕ್ಟರ್, ಇನ್ನೊಂದು ಪ್ರೊಪೆಲ್ಲರ್, ಹೆಡ್ ಗ್ಯಾಸ್ಕೆಟ್, ಶಾಫ್ಟಿನ ಬದಲು ತಾನು ಸವೆಯುವ ಸತುವಿನ ಆನೋಡ್, ಗ್ಲ್ಯಾಂಡ್ ಪ್ಯಾಕಿಂಗ್. ಇವನ್ನು ನೀರಿನ ಮೇಲೆ ಕೂತು ಹಾಕಲು ಆಗುವುದಿಲ್ಲ, ಅಥವಾ ಹಾಕಬಾರದು. ಬೋಟ್ ಮೇಲೆತ್ತಿದಾಗ ಆನೋಡ್ ಅರ್ಧ ಸವೆದಿದ್ದರೆ ಬದಲಾಯಿಸಿ. ಉಳಿದವನ್ನು ಈಗಲೇ ಕೊಳ್ಳಬೇಕಾಗಿಯೂ ಇಲ್ಲ. ನಂಬರ್ ಬರೆದಿಟ್ಟುಕೊಂಡು, ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿಟ್ಟರೆ ಸಾಕು. ಆ ಕೆಲಸಕ್ಕೆ ಭಾವನವರು ಫೋನ್ ಮಾಡಲಿ.